ಹೊಗಳಿದ ಉಪವಾಸ

ಚನ್ನಗಿರಿಯಲ್ಲಿ ನಮ್ಮ ಪಕ್ಕದ ಮನೆ ಕಸ್ತೂರಮ್ಮನದು. ಜಗಳೂರು ಕಡೆಯ ಹೆಣ್ಣು, ಜೋಳದ ರೊಟ್ಟಿ ಬಡಿಯುವುದರಲ್ಲಿ ಎತ್ತಿದ ಕೈ. ಮದುವೆಯಾಗಿ ಬಂದವಳು ಮನೆಯಲ್ಲೇ ರೊಟ್ಟಿ ಮಾಡಿ ಮಾರಲು ಶುರು ಮಾಡಿದಳು. ಗಂಡ ಗುರುಬಸವರಾಜ್ ಅಡಿಕೆ ಮಂಡಿಯಲ್ಲಿ ತೂಕ ಹಾಕುವವನು, ಬಾಯಿಲ್ಲದ ಮನುಷ್ಯ. ಅವನ ಪಾಲಿನ ಮಾತನ್ನೂ ನೀನೇ ಆಡಿಬಿಡ್ತೀಯಲ್ಲ ಎಂದು ನಾನು ಅವಳನ್ನು ರೇಗಿಸುತ್ತಿದ್ದೆ. ಅವಳ ಮನೆಗೆ ಹೋದವರು ತಿನ್ನದೆ ಹೊರಬಂದದ್ದಿಲ್ಲ. ಕರೆಂಟ್ ಬಿಲ್ ಕೊಡಲು ಬಂದವನಿಗೂ "ಬಿಸಿ ರೊಟ್ಟಿ ಐತೆ, ಒಂದು ತಿಂದು ಹೋಗಪ್ಪ" ಅನ್ನುವವಳು. ಇಂಥವಳ ಮಗಳು ಅವಳ ಕಣ್ಣೆದುರೇ ಊಟ ಬಿಟ್ಟು ಸೊರಗಿದಳು. ಜನ ಈಗ ಅದನ್ನೇ ಆಡಿಕೊಳ್ಳುತ್ತಾರೆ. ಅವರಲ್ಲಿ ಅರ್ಧ ಜನ ಆಗ ಆ ಹುಡುಗಿಯನ್ನು ಬಾಯ್ತುಂಬ ಹೊಗಳಿದವರು. ನನಗೆ ಮೈ ಉರಿಯುವುದು ಅದಕ್ಕೇ.

ಮಗಳು ರೂಪಶ್ರೀ ಪಿಯುಸಿ ಓದುತ್ತಿದ್ದಳು. ನ್ಯಾಮತಿಯಲ್ಲಿ ನೆಂಟರ ಮದುವೆ. ಊಟದ ಪಂಕ್ತಿಯಲ್ಲಿ ಯಾರೋ ದೊಡ್ಡಮ್ಮ ಅವಳ ಮೈ ನೋಡಿ, "ಏನವ್ವಾ, ರೊಟ್ಟಿನೆಲ್ಲ ನೀನೇ ತಿಂತೀಯೇನು? ಮಾರಾಕೆ ಒಂದಿಷ್ಟು ಉಳಿಸ್ತೀಯೋ ಇಲ್ವೋ?" ಎಂದಳಂತೆ. ಸುತ್ತಲಿದ್ದವರು ನಕ್ಕರು, ಕಸ್ತೂರಮ್ಮನೂ ನಕ್ಕಳು. ಊರಿಗೆ ಬಂದ ಮೇಲೆ ಹುಡುಗಿ ಸೋಮವಾರದ ಉಪವಾಸ ಹಿಡಿದಳು.

ಸೋಮವಾರಕ್ಕೆ ಗುರುವಾರ ಸೇರಿತು. ಶ್ರಾವಣ ಬಂದರೆ ತಿಂಗಳಿಡೀ ಒಂದೇ ಹೊತ್ತು. ಆ ಮನೆಯಲ್ಲಿ ಲಿಂಗಪೂಜೆ ಆಗದೆ ಯಾರೂ ಬಾಯಿಗೆ ಏನೂ ಹಾಕುವುದಿಲ್ಲ. ರೂಪಾ ಪೂಜೆಗೆ ಕೂತರೆ ಏಳುತ್ತಲೇ ಇರಲಿಲ್ಲ, ಎದ್ದರೆ ಕಾಲೇಜಿಗೆ ಹೊತ್ತಾಯಿತೆಂದು ಓಡುವಳು. ಅಜ್ಜಿ ದ್ಯಾಮಮ್ಮನಿಗಂತೂ ಹೆಮ್ಮೆಯೋ ಹೆಮ್ಮೆ. "ನಮ್ಮನೇಲಿ ಶರಣೆ ಹುಟ್ಟ್ಯಾಳೆ" ಎಂದು ಬೀದಿಗೆಲ್ಲ ಸಾರಿದಳು. ಬೀದಿಯ ಹೆಂಗಸರು ತಮ್ಮ ಮಕ್ಕಳಿಗೆ ರೂಪಾನ್ನ ನೋಡಿ ಕಲೀರಿ ಎನ್ನತೊಡಗಿದರು. ದೇವರ ಹೆಸರು ಬಂದ ಮೇಲೆ ಬೇಡ ಅನ್ನುವವರು ಯಾರು?

ತಟ್ಟೆಯ ಮುಂದೆ ಕೂತರೂ ರೊಟ್ಟಿಯನ್ನು ಚೂರು ಚೂರು ಮಾಡಿ, ಪಲ್ಯವನ್ನು ಅಂಚಿಗೆ ಸವರಿ ಎದ್ದುಬಿಡುತ್ತಿದ್ದಳು. ಬೇರೆಯವರಿಗೆ ಬಡಿಸುವುದರಲ್ಲಿ ಮಾತ್ರ ಎಲ್ಲರಿಗಿಂತ ಮುಂದೆ. ಬಡಿಸಿ, ನಾವು ತಿನ್ನುವುದನ್ನೇ ನೋಡುತ್ತ ನಿಲ್ಲುವಳು. ಬಾಚಿದರೆ ಹಣಿಗೆ ತುಂಬ ಕೂದಲು. ಶಿವರಾತ್ರಿ ಕಳೆದು ಬಿಸಿಲೇರಿದರೂ ಸ್ವೆಟರ್ ಬಿಚ್ಚಲಿಲ್ಲ. ಮುಟ್ಟು ನಿಂತಿದ್ದಕ್ಕೆ ಓದಿನ ಚಿಂತೆ ಎಂದುಕೊಂಡರು. ತಲೆ ಸುತ್ತಿ ಬಿದ್ದದ್ದಕ್ಕೆ ಬಿಸಿಲು ಎಂದರು. ಇಷ್ಟಾದರೂ ಅವಳು ಕನ್ನಡಿಯ ಮುಂದೆ ನಿಂತು, ಇಲ್ಲದ ಹೊಟ್ಟೆಯನ್ನು ಹಿಡಿದು ಹಿಡಿದು ನೋಡಿಕೊಳ್ಳುತ್ತಿದ್ದಳು.

ಯುಗಾದಿ ಬಂತು. ದೀಪಾವಳಿಯಲ್ಲಿ "ನಾನೇ ಎಣ್ಣೆ ಹಚ್ಕೊಂತೀನಿ" ಎಂದು ಬಾಗಿಲು ಹಾಕಿಕೊಂಡಿದ್ದ ಮಗಳನ್ನು ಕಸ್ತೂರಮ್ಮ ಈ ಸಲ ಬಿಡಲಿಲ್ಲ. ಬಚ್ಚಲಲ್ಲಿ ಕೂರಿಸಿ ಬೆನ್ನಿಗೆ ಎಣ್ಣೆ ಹಾಕಿದಳು. ಬೆನ್ನುಮೂಳೆಯ ಒಂದೊಂದು ಗಂಟೂ ಅಂಗೈಗೆ ತಗುಲಿತು. ತೋಳಿನ ತುಂಬ ಹಸುಗೂಸಿಗಿರುವಂಥ ನವಿರು ಕೂದಲು. ಎಣ್ಣೆಗೈಯಲ್ಲೇ ನಮ್ಮ ಮನೆಗೆ ಓಡಿ ಬಂದಳು.

"ಸುಧಕ್ಕಾ, ನನ್ನ ಮಗಳ ಮೈಯಾಗೆ ಏನೂ ಉಳಿದಿಲ್ಲ ಕಣ್ರೀ. ಇಷ್ಟು ದಿನ ನಾನು ಏನು ನೋಡ್ತಿದ್ದೆ?"

ಹುಡುಗಿಯನ್ನು ಕರೆದುಕೊಂಡು ದಾವಣಗೆರೆಯ ಆಸ್ಪತ್ರೆಗೆ ಹೊರಟೆವು. ದೃಷ್ಟಿ ತೆಗೆದರೆ ಸಾಕು ಎಂದು ದ್ಯಾಮಮ್ಮ ಅಡ್ಡ ನಿಂತಾಗ ಗುರುಬಸವರಾಜ್ ಬಾಯಿ ಬಿಟ್ಟ. "ಸುಮ್ಕಿರವ್ವಾ. ಮಗು ಉಳಿಬೇಕು" ಎಂದ. ಹೃದಯದ ಬಡಿತ ತೀರಾ ನಿಧಾನವಾಗಿದೆಯೆಂದು ಆಸ್ಪತ್ರೆಯಲ್ಲಿ ಅಂದೇ ಸೇರಿಸಿಕೊಂಡರು. "ಇದು ಅನೊರೆಕ್ಸಿಯಾ, ದಪ್ಪ ಆಗ್ತೀನಿ ಅನ್ನೋ ಭಯಕ್ಕೆ ಊಟ ಬಿಡೋ ಕಾಯಿಲೆ. ವ್ರತ ಅಲ್ಲ, ಹಟಾನೂ ಅಲ್ಲ. ಗುಣ ಆಗುತ್ತೆ, ಆದ್ರೆ ಬೇಗ ಆಗಲ್ಲ. ಜೊತೇಲಿ ಕೂತು ಊಟ ಮಾಡಿಸಿ" ಎಂದರು ಡಾಕ್ಟರಮ್ಮ.

ಮನೆಗೆ ಬಂದಿದ್ದಾಳೆ, ಆದರೆ ಪೂರ್ತಿ ಗುಣವಾಗಿಲ್ಲ. ಅರ್ಧ ರೊಟ್ಟಿ ಮುಗಿಸುವುದೇ ದೊಡ್ಡ ಕೆಲಸ. ಕಸ್ತೂರಮ್ಮ ಒಲೆ ಆರಿಸಿ, ಗಿರಾಕಿಗಳನ್ನು ವಾಪಸು ಕಳಿಸಿ, ಎದುರಿಗೆ ತಟ್ಟೆ ಹಾಕಿಕೊಂಡು ಕೂರುತ್ತಾಳೆ. ಮೊನ್ನೆ ನಾನು ಅಲ್ಲೇ ಇದ್ದೆ. ಕಸ್ತೂರಮ್ಮ ತಡೆಯಲಾರದೆ ಕೇಳಿಬಿಟ್ಟಳು.

"ಅಷ್ಟು ದಿನ ನಿಂಗೆ ಹಸಿವೇ ಆಗ್ಲಿಲ್ವೇನವ್ವಾ?"

ರೂಪಾ ತಟ್ಟೆಯಿಂದ ಕಣ್ಣೆತ್ತಲಿಲ್ಲ. "ಆಗ್ತಿತ್ತಮ್ಮಾ. ದಿನಾ ಆಗ್ತಿತ್ತು. ಯಾರಾದ್ರೂ ಒಬ್ರು ಗದರಿಸಿ ಉಣ್ಣು ಅಂತಾರೇನೋ ಅಂತ ಕಾಯ್ತಿದ್ದೆ. ನೀವೆಲ್ಲ ಕೈ ಮುಗಿದ್ರಿ."

ಕಸ್ತೂರಮ್ಮ ರೊಟ್ಟಿಯ ಚೂರೊಂದನ್ನು ಮಗಳ ಬಾಯಿಯ ಹತ್ತಿರ ಹಿಡಿದಳು. ಗದರಿಸಿ ಉಣ್ಣು ಅನ್ನಲು ಹೋದಳು. ಗದರಲು ಬರಲಿಲ್ಲ, "ಉಣ್ಣವ್ವಾ" ಎಂದು ಬೇಡಿಕೊಂಡಳು.