ಪರದೆಯ ಮೇಲೆ ಕಂಡ ಉರಿ

ಲಾಂಡ್ರಿಯ ಹಿಂಬದಿಯ ಕಿಟಕಿ ಪಕ್ಕ ಕೂತು ಹರಿದ ಬಟ್ಟೆಗೆ ರಫು ಹಾಕುತ್ತಿದ್ದ ಆಕೆಯನ್ನು ಬೀದಿಯವರೆಲ್ಲ ರಫು ಅಕ್ಕ ಅಂತಲೇ ಕರೆಯುತ್ತಿದ್ದರು. ಸಿಗರೇಟು ಸುಟ್ಟ ತೂತು, ಇಲಿ ಕಡಿದ ಅಂಚು, ಏನೇ ತಂದುಕೊಟ್ಟರೂ ಅದೇ ಬಟ್ಟೆಯ ನೂಲು ಬಿಡಿಸಿ ಎಳೆಗೆ ಎಳೆ ಕೂಡಿಸಿಬಿಡುತ್ತಿದ್ದಳು. ಅರವತ್ತು ದಾಟಿದ್ದರೂ ಸೂಜಿಗೆ ದಾರ ಪೋಣಿಸಿಕೊಡಿ ಅಂತ ಯಾರನ್ನೂ ಕೇಳಿದವಳಲ್ಲ.

ಆ ಬೇಸಿಗೆಯಲ್ಲಿ ತಲೆನೋವು ಶುರುವಾಯಿತು. ಬಾಚಣಿಗೆ ತಾಗಿದರೆ ನೆತ್ತಿ ಉರಿಯುತ್ತಿತ್ತು. ನಾಲ್ಕು ತುತ್ತು ಅಗಿಯುವಷ್ಟರಲ್ಲಿ ದವಡೆ ಸೋತುಹೋಗುತ್ತಿತ್ತು. ಬೆಳಗ್ಗೆ ಎದ್ದರೆ ಭುಜ ಎತ್ತಲು ಬಾರದು.

"ಒಂದು ದಿನ ತಲೆ, ಒಂದು ದಿನ ದವಡೆ, ಇವತ್ತು ಭುಜ. ನಿನ್ನ ನೋವಿಗೆ ಒಂದು ವಿಳಾಸ ಬೇಡ್ವಾ?" ಎಂದು ಗಂಡ ನಗುತ್ತಿದ್ದ. ನಿವೃತ್ತ ಗುಮಾಸ್ತ, ಮಾತಿನ ಮಲ್ಲ. ಮಗಳು ಫೋನ್ ಮಾಡಿದರೆ, "ನಿಮ್ಮಮ್ಮಂದು ಇದ್ದಿದ್ದೇ, ಬರೀ ನಾಟಕ" ಎನ್ನುತ್ತಿದ್ದ. ಪಕ್ಕದ ಕ್ಲಿನಿಕ್ಕಿನಲ್ಲಿ ನಿದ್ದೆ ಮಾತ್ರೆ ಬರೆದುಕೊಟ್ಟರು. ದೊಡ್ಡಾಸ್ಪತ್ರೆಗೆ ಹೋಗೋಣ ಎಂದರೆ ಗಂಡ ಪೇಪರಿನಿಂದ ತಲೆಯನ್ನೇ ಎತ್ತುತ್ತಿರಲಿಲ್ಲ.

ಒಂದು ಬೆಳಗ್ಗೆ ಕೋಟಿನ ತೋಳಿಗೆ ರಫು ಹಾಕುತ್ತಿದ್ದಾಗ ಎಡಗಣ್ಣು ಕತ್ತಲಾಯಿತು. ಉಜ್ಜಿಕೊಂಡಳು, ನೀರು ಚಿಮುಕಿಸಿಕೊಂಡಳು. ಕತ್ತಲು ಹೋಗಲಿಲ್ಲ. ಲಾಂಡ್ರಿ ಮಾಲೀಕನೇ ಗಾಡಿಯಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಓಡಿದ. ಕಣ್ಣಿನ ವೈದ್ಯೆ ತಡಮಾಡದೆ ಸ್ಟೀರಾಯ್ಡ್ ಶುರು ಮಾಡಿ, ನ್ಯೂಕ್ಲಿಯರ್ ಸ್ಕ್ಯಾನಿಗೆ ಬರೆದುಕೊಟ್ಟರು.

ಮಾರನೇ ದಿನ ಗಂಡನೂ ಜೊತೆಗೆ ಬಂದ. ವಿಕಿರಣ ಸೂಸುವ ವಸ್ತು ಬೆರೆಸಿದ ಸಕ್ಕರೆ ನೀರನ್ನು ನರಕ್ಕೆ ಚುಚ್ಚಿ, ಕಂಬಳಿ ಹೊದಿಸಿ, ಮಾತಾಡದೆ ಮಲಗಿರಿ ಎಂದರು. ಆಮೇಲೆ ಯಂತ್ರದೊಳಗೆ ತಳ್ಳಿದರು. ವೈದ್ಯರು ಪರದೆಯನ್ನು ಅವಳ ಕಡೆ ತಿರುಗಿಸಿದಾಗ ಕತ್ತಿನಿಂದ ಕಂಕುಳವರೆಗೆ ರಕ್ತನಾಳಗಳು ಹಳದಿಯಾಗಿ ಹೊಳೆಯುತ್ತಿದ್ದವು.

"ಉರಿಯೂತ ಇರೋ ಕಡೆ ಈ ಸಕ್ಕರೆ ಹೋಗಿ ಸೇರ್ಕೊಳ್ಳುತ್ತೆ. ನಿಮ್ಮ ರಕ್ತನಾಳದ ಗೋಡೆಗಳೇ ಊದಿವೆ. ತಲೆ, ದವಡೆ, ಭುಜ, ಈಗ ಕಣ್ಣು, ಎಲ್ಲಕ್ಕೂ ಇದೇ ಮೂಲ."

"ಮೊದಲೇ ಈ ಚಿತ್ರ ತೆಗೆಸಿದ್ದಿದ್ರೆ ಕಣ್ಣು ಉಳೀತಿತ್ತಾ?" ಎಂದು ಕೇಳಿದಳು.

ವೈದ್ಯರು ಒಮ್ಮೆ ಗಂಡನ ಮುಖ ನೋಡಿದರು. "ಬಲಗಣ್ಣು ಉಳಿಸ್ಕೊಳ್ಳೋಣ ಅಮ್ಮ" ಎಂದರು.

ಮನೆಗೆ ಬಂದವರಿಗೆಲ್ಲ ಗಂಡ ಆ ಚಿತ್ರ ತೋರಿಸತೊಡಗಿದ. "ನಾನು ಹಟ ಹಿಡಿದು ಸ್ಕ್ಯಾನ್ ಮಾಡಿಸಿದ್ದಕ್ಕೆ ಗೊತ್ತಾಯ್ತು. ಇವಳಿಗೆ ಬಿಟ್ಟಿದ್ರೆ ಇನ್ನೂ ಮುಲಾಮು ಹಚ್ಕೊಂಡು ಕೂತಿರೋಳು."

ಮಗಳು ಅಳಿಯ ಬಂದಾಗಲೂ ಅದೇ ಕಥೆ ಶುರುವಾಯಿತು. ಅವಳು ಒಳಗಿಂದ ಬಂದು ಅವನ ಕೈಯಿಂದ ಚಿತ್ರ ತೆಗೆದುಕೊಂಡಳು.

"ಬೇಸಿಗೆಯಿಂದ ನಿಮ್ಮ ಮುಂದೇನೇ ಅತ್ತೆನಲ್ಲಾ, ಆಗ ಕಾಣಲಿಲ್ಲ. ಬಣ್ಣ ಹಚ್ಚಿ ಕೊಟ್ಟ ಮೇಲೆ ಕಂಡಿತು."

ಗಂಡ ನಕ್ಕು ಹಾರಿಸಲು ನೋಡಿದ. ಯಾರೂ ನಗಲಿಲ್ಲ. ಅಪ್ಪನ ಮಾತನ್ನೇ ನಂಬಿದ್ದ ಮಗಳು ತಲೆ ತಗ್ಗಿಸಿದಳು.

ಔಷಧಿಗೆ ಅವಳ ಮುಖ ಊದಿತು, ನೋವು ಇಳಿಯಿತು, ಎಡಗಣ್ಣು ಬರಲಿಲ್ಲ. ಒಂಟಿ ಕಣ್ಣಿಗೆ ಸೂಜಿಯ ದೂರ ತಿಳಿಯದೆ ಬೆರಳು ಚುಚ್ಚಿಕೊಂಡು ಚುಚ್ಚಿಕೊಂಡು ಕೊನೆಗೆ ರಫು ಬಿಟ್ಟಳು. ಈಗ ಲಾಂಡ್ರಿಯ ಮುಂದೆ ಕೂತು ಬಟ್ಟೆಗೆ ಚೀಟಿ ಕಟ್ಟುತ್ತಾಳೆ.

ಗಂಡನಿಗೆ ಈಚೆಗೆ ಸೊಂಟ ಹಿಡಿದುಕೊಂಡಿದೆ. ನರಳಿದಾಗ ಮಾತ್ರೆ, ನೀರು ತಂದು ಮಂಚದ ಪಕ್ಕ ಇಟ್ಟು ಹೋಗುತ್ತಾಳೆ. ಎಲ್ಲಿ ನೋವು ಅಂತ ಮಾತ್ರ ಕೇಳುವುದಿಲ್ಲ.