ಜನರ ಕಡೆಗಿನ ಪರದೆ

ನಾನು ಕೆಲಸಕ್ಕೆ ಸೇರಿದ ತಾಲ್ಲೂಕು ಕಚೇರಿಯ ಪಹಣಿ ಕಿಟಕಿಯಲ್ಲಿ ಎರಡು ಕಂಪ್ಯೂಟರ್ ಪರದೆಗಳಿದ್ದವು. ಒಂದು ನನ್ನ ಕಡೆಗೆ. ಇನ್ನೊಂದನ್ನು ಸರ್ಕಾರ ಕಿಟಕಿಯಾಚೆ ನಿಂತವರಿಗೆಂದೇ ಕಳಿಸಿತ್ತು. ತಮ್ಮ ಜಮೀನಿನ ವಿವರ ಅಚ್ಚಾಗುವ ಮೊದಲೇ ಅವರು ಓದಿಕೊಳ್ಳಲಿ ಎಂಬುದು ಉದ್ದೇಶ. ಅದು ಗೋಡೆಗೆ ಮುಖ ಮಾಡಿ ಕೂತಿತ್ತು. ಮೇಲೊಂದು ಟವೆಲ್ಲು ಹೊದಿಸಿದ್ದರು.

ಪಹಣಿಗಳು ಕೈಬರಹದ ಪುಸ್ತಕದಿಂದ ಕಂಪ್ಯೂಟರಿಗೆ ಬಂದು ಸ್ವಲ್ಪ ಕಾಲವಾಗಿತ್ತು. ಕಚೇರಿ ಯಾವುದೆಂದು ಹೇಳುವುದಿಲ್ಲ. ಶಿಡ್ಲಘಟ್ಟದ ನಮ್ಮ ಮನೆಯಿಂದ ಬೆಳಿಗ್ಗೆ ಬಸ್ಸು ಹತ್ತಿ ಹೋಗಿ ಸಂಜೆಗೆ ಮರಳುವಷ್ಟು ದೂರ. ನಾನು ಚಿಕ್ಕಬಳ್ಳಾಪುರದಲ್ಲಿ ಬಿ.ಎ. ಮುಗಿಸಿದ್ದೆ. ಕಾಲೇಜಿನಲ್ಲಿ ಕಂಪ್ಯೂಟರ್ ಕೋಣೆ ಇತ್ತು, ಆದರೆ ಕನ್ನಡ ಮಾಧ್ಯಮದ ಬಿ.ಎ. ಹುಡುಗಿಯರಿಗೆ ಅದರ ಬಾಗಿಲು ತೆರೆಯುತ್ತಿರಲಿಲ್ಲ. "ನಿಮ್ಗ್ಯಾಕಮ್ಮ ಅದು?" ಎಂದು ಕೇಳಿ ಕಳಿಸುತ್ತಿದ್ದರು. ಹಾಗಾಗಿ ನಾನು ಕಲಿತದ್ದು ನಮ್ಮೂರಿನ ಒಂದು ಲಗ್ನಪತ್ರಿಕೆ ಅಂಗಡಿಯಲ್ಲಿ. ಅಂಗಡಿಯ ಸಾಹೇಬರು ಉರ್ದು ಮನೆಮಾತಿನವರು, ಕನ್ನಡವನ್ನು ನನಗಿಂತ ಬೇಗ ಟೈಪ್ ಮಾಡುತ್ತಿದ್ದರು. "ಬೇಟಿ, ನೀನು ನನ್ ಕಾರ್ಡ್‌ಗಳನ್ನ ಟೈಪ್ ಮಾಡ್ಕೊಡು, ನಾನು ಕಲಿಸ್ಕೊಡ್ತೀನಿ" ಎಂದರು. ಒಂದು ಇಡೀ ಮದುವೆ ಕಾಲ ಊರಿನವರ ಮದುವೆಗಳನ್ನೆಲ್ಲ ನಾನೇ ಟೈಪ್ ಮಾಡಿದೆ.

ತಾಲ್ಲೂಕು ಕಚೇರಿಯ ಕೆಲಸ ಸಿಕ್ಕಿದಾಗ ಅಮ್ಮನಿಗೆ ಹಿಗ್ಗು. ಅವಳು ನೂಲು ಬಿಚ್ಚುವ ಘಟಕದಲ್ಲಿ ದಿನವಿಡೀ ರೇಷ್ಮೆಗೂಡಿನ ಬಿಸಿನೀರಿಗೆ ಕೈಹಾಕಿ ನಿಲ್ಲುವವಳು. ಅವಳ ಬೆರಳುಗಳು ಸದಾ ಬಿಳುಚಿ ಸುಕ್ಕಾಗಿರುತ್ತಿದ್ದವು. "ನಿನ್ ಕೈ ಒಣಗಿರತ್ತಲ್ಲ, ಅಷ್ಟು ಸಾಕು" ಎಂದಳು. ಕೆಲಸ ಮಾತ್ರ ಏಜೆನ್ಸಿಯ ಮೂಲಕ ಬಂದ ಗುತ್ತಿಗೆಯದು. ಅವರು ಬೇಡವೆಂದ ದಿನ ಮುಗಿಯುತ್ತಿತ್ತು.

ನನ್ನ ಪಕ್ಕದ ಕುರ್ಚಿಯಲ್ಲಿ ಒಬ್ಬ ಹಿರಿಯ ಗ್ರಾಮಲೆಕ್ಕಿಗರು ಕೂರುತ್ತಿದ್ದರು. ಮೊದಲು ಹಳ್ಳಿಗಳಲ್ಲಿ ಪಹಣಿಯನ್ನು ಕೈಯಲ್ಲಿ ಬರೆದು ಕೊಡುತ್ತಿದ್ದವರು. ಈಗ ಬೆಳಿಗ್ಗೆ ಯಂತ್ರದ ಮೇಲೆ ಬೆರಳಿಟ್ಟು ಕಂಪ್ಯೂಟರ್ ತೆರೆದುಕೊಟ್ಟರೆ ಅವರ ಮುಖ್ಯ ಕೆಲಸ ಮುಗಿಯುತ್ತಿತ್ತು. ಗೋಡೆ ಕಡೆಗಿದ್ದ ಪರದೆಯ ಬಗ್ಗೆ ಮೊದಲ ದಿನವೇ ಕೇಳಿದೆ.

"ಜನ ನೋಡುದ್ರೆ ಅದು ತಪ್ಪು ಇದು ತಪ್ಪು ಅಂತ ಜಗಳ ತೆಗೀತಾರೆ ಕಣಮ್ಮ. ಕ್ಯೂ ಸಾಗಲ್ಲ."

"ತಪ್ಪಿದ್ರೆ ಹೇಳ್ಬೇಕಲ್ವಾ ಸಾರ್?"

"ಹೊಸಬಳು ನೀನು. ಪ್ರಿಂಟ್ ಒತ್ತು."

ಒತ್ತಿದೆ. ಹಾಳೆ ಪಡೆದವರು ಹೊರಗೆ ಹೋಗಿ ಓದಿಸಿಕೊಳ್ಳುತ್ತಿದ್ದರು. ಹೆಸರು ತಪ್ಪಿದ್ದರೆ ಮತ್ತೆ ಬರುತ್ತಿದ್ದರು. "ಕಂಪ್ಯೂಟ್ರಲ್ಲೇ ಹಂಗಿದೆ" ಎಂಬ ಉತ್ತರ ಸಿಗುತ್ತಿತ್ತು. ಮೊದಲು ಲೆಕ್ಕಿಗರ ಜೊತೆಯಾದರೂ ವಾದ ಮಾಡಬಹುದಿತ್ತು, ಈಗ ಎದುರಿಗೆ ಯಾರೂ ಇಲ್ಲ, ಕಂಪ್ಯೂಟರ್ ಮಾತ್ರ. ಅವರು ತಲೆ ತಗ್ಗಿಸಿ ಗೇಟಿನ ಬಳಿ ನಿಂತ ಮಧ್ಯವರ್ತಿಗಳ ಕಡೆ ನಡೆಯುತ್ತಿದ್ದರು.

ಒಂದು ಮಧ್ಯಾಹ್ನ ಆಂಧ್ರದ ಗಡಿ ಕಡೆಯ ಹಳ್ಳಿಯಿಂದ ಒಬ್ಬ ಹೆಂಗಸು ಬಂದರು. ವಯಸ್ಸು ಅಮ್ಮನಷ್ಟೇ. ಸರ್ವೆ ನಂಬರ್ ಹೇಳಿದರು. ನಾನು ಪ್ರಿಂಟ್ ಒತ್ತಲು ಹೋದಾಗ, "ಇರಮ್ಮ. ಫಸ್ಟು ನಂಗೆ ತೋರ್ಸು" ಎಂದರು.

"ಪ್ರಿಂಟ್ ಬರತ್ತಮ್ಮ, ಅದ್ರಲ್ಲಿ ನೋಡ್ಕೊಳ್ಳಿ."

"ಹೋದ್ಸಲ ಹಂಗೇ ಅಂದ್ರು. ಹಾಳೆ ಬಂದ್ಮೇಲೆ ಯಾರೂ ಮಾತಾಡ್ಸಲ್ಲ. ನಾನು ಸಾಕ್ಷರತೆ ಕ್ಲಾಸಿಗೆ ಹೋಗಿ ಓದಕ್ಕೆ ಕಲ್ತಿದೀನಿ. ಆ ಡಬ್ಬ ಯಾಕೆ ಗೋಡೆ ನೋಡ್ತೈತೆ? ಈ ಕಡೆ ತಿರುಗ್ಸು ತಲ್ಲಿ" ಎಂದು ತೆಲುಗು ಬೆರೆಸಿ, ತಾಯಿ ಎಂದು ಕರೆದು ಹೇಳಿದರು.

ಅವರು ಗಲಾಟೆ ಮಾಡಲಿಲ್ಲ, ಬೇಡಿಕೊಳ್ಳಲೂ ಇಲ್ಲ. ತಮ್ಮದನ್ನು ತಾವು ಕೇಳಿದರು, ಅಷ್ಟೇ. ಕಾಲೇಜಿನ ಆ ಮುಚ್ಚಿದ ಬಾಗಿಲ ಮುಂದೆ ನಾನು ಒಂದು ದಿನವಾದರೂ ಹೀಗೆ ನಿಂತು ಕೇಳಿರಲಿಲ್ಲ. ಎದ್ದು ಟವೆಲ್ ತೆಗೆದೆ. ಪರದೆಯನ್ನು ಕಿಟಕಿಯ ಕಡೆಗೆ ತಿರುಗಿಸಿ ಗುಂಡಿ ಒತ್ತಿದೆ. ಲೆಕ್ಕಿಗರು "ಏನಮ್ಮ ಇದು" ಎಂದು ಅರ್ಧ ಎದ್ದರು. ಪರದೆ ಬೆಳಗಿತು.

ಆಕೆ ಕಂಬಿಗೆ ಹಣೆ ತಾಗಿಸಿ ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದತೊಡಗಿದರು. ಕ್ಯೂನಲ್ಲಿದ್ದವರು ಮುಂದಕ್ಕೆ ಬಗ್ಗಿ ನೋಡಿದರು. ಓದು ಒಂದು ಕಡೆ ನಿಂತಿತು.

"ಇದು ನಮ್ಮ ಯಜಮಾನ್ರ ಹೆಸ್ರಲ್ಲ. ಅವ್ರ ಅಣ್ಣಂದು. ಭಾಗ ಆಗಿ ಎಷ್ಟೋ ವರ್ಷ ಆಯ್ತು."

"ಇದನ್ನ ಪ್ರಿಂಟ್ ಹಾಕಲ್ಲಮ್ಮ. ಮೊದ್ಲು ತಿದ್ದುಪಡಿಗೆ ಅರ್ಜಿ ಕೊಡಿ, ಇಲ್ಲೇ ಬರ್ಕೊಡ್ತೀನಿ" ಎಂದೆ. ಅವರ ಹಿಂದೆ ನಿಂತಿದ್ದ ಪೆರೇಸಂದ್ರದ ಕಡೆಯವರೊಬ್ಬರು, "ನಂದೂ ತೋರ್ಸಮ್ಮ" ಎಂದರು. ಅಲ್ಲಿಂದ ಮುಂದೆ ಎಲ್ಲರೂ ಅದನ್ನೇ ಕೇಳಿದರು. ಓದು ಬಾರದವರಿಗೆ ಓದು ಬಂದವರು ಓದಿ ಹೇಳಿದರು.

ಸಂಜೆ ಮೇಲಧಿಕಾರಿ ಕರೆದರು.

"ಅದನ್ನ ತಿರುಗ್ಸು ಅಂತ ನಿಂಗ್ಯಾರು ಹೇಳಿದ್ದು?"

"ಯಾರೂ ಹೇಳಿಲ್ಲ ಸಾರ್. ಅದು ಅವ್ರಿಗೋಸ್ಕರಾನೇ ಬಂದಿರೋದು."

"ಇವತ್ತು ಒಂದೇ ದಿನ ಎಷ್ಟು ತಿದ್ದುಪಡಿ ಅರ್ಜಿ ಬಂದ್ವು ನೋಡಿದ್ಯಾ? ಯಾರು ಮಾಡ್ತಾರೆ ಆ ಕೆಲ್ಸನ? ನಾಳೆ ಮೊದಲಿನ ಥರ ಇಡು."

"ನಾನು ಇಡಲ್ಲ ಸಾರ್. ಬೇಕಿದ್ರೆ ನೀವೇ ಬಂದು ತಿರುಗ್ಸಿ, ಜನ ಇರೋವಾಗ."

ಹಾಗೆಂದು ಬ್ಯಾಗು ಎತ್ತಿಕೊಂಡು ಬಸ್ಸಿಗೆ ನಡೆದೆ.

ಮರುದಿನ ಅವರು ನಿಜಕ್ಕೂ ಬಂದರು. ಕಿಟಕಿಯಾಚೆ ಕ್ಯೂ ಬಾಗಿಲು ದಾಟಿ ಅಂಗಳಕ್ಕೆ ಇಳಿದಿತ್ತು. ಎಲ್ಲರೂ ಅವರನ್ನೇ ನೋಡುತ್ತಿದ್ದರು. ಅವರು ಪರದೆಯ ಮೇಲೆ ಕೈಯಿಟ್ಟರು. ಒಂದು ಕ್ಷಣ ನಿಂತು, ಧೂಳು ಒರೆಸುವವರಂತೆ ಅದನ್ನು ಸವರಿ ವಾಪಸು ಹೋದರು. ಯಾರೋ ಹಿಂದಿನಿಂದ ಸಣ್ಣಗೆ ನಕ್ಕರು.

ಆಮೇಲೆ ಬೇರೆ ದಾರಿ ಹಿಡಿದರು. ಒಂದು ಬೆಳಿಗ್ಗೆ ಹೋದರೆ ಪರದೆಗೆ ವಯರೇ ಇಲ್ಲ. ಕೇಳಿದರೆ ಯಾರಿಗೂ ಗೊತ್ತಿಲ್ಲ. ಸಂಜೆ ಲಗ್ನಪತ್ರಿಕೆ ಅಂಗಡಿಗೆ ಹೋಗಿ ಸಾಹೇಬರಿಗೆ ಹೇಳಿದೆ. ಅವರು ಹಳೇ ಸಾಮಾನಿನ ಪೆಟ್ಟಿಗೆ ಕೆದಕಿ ಒಂದು ವಯರು ಕೊಟ್ಟು, "ದಿನಾ ಮನೆಗೆ ತಗೊಂಡ್ ಹೋಗು" ಎಂದರು. ಹಾಗೇ ಮಾಡಿದೆ. ಬೆಳಿಗ್ಗೆ ಊಟದ ಡಬ್ಬಿಯ ಜೊತೆ ಅದನ್ನೂ ಬ್ಯಾಗಿನಿಂದ ತೆಗೆದು ಸಿಕ್ಕಿಸುತ್ತಿದ್ದೆ, ಸಂಜೆ ಬಿಚ್ಚಿ ಸುತ್ತಿಕೊಳ್ಳುತ್ತಿದ್ದೆ. ಲೆಕ್ಕಿಗರು ಕೆಲವು ದಿನ ನನ್ನ ಜೊತೆ ಮಾತು ಬಿಟ್ಟರು. ಒಂದು ದಿನ ಕಿಟಕಿಯಾಚೆ ಒಬ್ಬ ಮುದುಕರು ಕಣ್ಣು ಕಿರಿದು ಮಾಡಿ ತಡವರಿಸುತ್ತಿದ್ದಾಗ, ಲೆಕ್ಕಿಗರು ಕುರ್ಚಿಯನ್ನು ಮುಂದೆ ಎಳೆದುಕೊಂಡು, "ನಿಧಾನಕ್ಕೆ ನೋಡಪ್ಪ. ನಾನು ಓದ್ತೀನಿ, ಸರಿ ಇದ್ಯಾ ಹೇಳು" ಎಂದರು. ಅಂದಿನಿಂದ ಓದುವ ಕೆಲಸ ಅವರದಾಯಿತು.

ನನ್ನ ಗುತ್ತಿಗೆಯನ್ನು ಮುಂದುವರಿಸಲಿಲ್ಲ. ಏಜೆನ್ಸಿಯವರು ಫೋನಿನಲ್ಲಿ ಕಾರಣ ಹೇಳದೆ, ಸೋಮವಾರದಿಂದ ಬರುವುದು ಬೇಡ ಎಂದರು. ಕೇಳಿದಾಗ, "ಮೇಲ್ಗಡೆಯಿಂದ ಬಂತಮ್ಮ, ನಾವೇನ್ ಮಾಡಣ" ಎಂದರು. ಕೊನೆಯ ದಿನ ವಯರನ್ನು ಬಿಚ್ಚದೆ ಅಲ್ಲೇ ಬಿಟ್ಟೆ. ಲೆಕ್ಕಿಗರು ಅದನ್ನು ನೋಡಿ, "ದಿನಾ ಸಂಜೆ ಇದನ್ನ ನನ್ ಡ್ರಾಯರಲ್ಲಿಟ್ಟು ಬೀಗ ಹಾಕ್ತೀನಿ, ಹೋಗ್ಬಾಮ್ಮ" ಎಂದರು.

ಮನೆಗೆ ಬಂದು ಹೇಳಿದಾಗ ಅಮ್ಮ ಊಟ ಬಡಿಸುತ್ತಿದ್ದಳು.

"ಸ್ವಲ್ಪ ತಗ್ಗಿ ನಡೀಬೋದಿತ್ತಲ್ಲೇ."

"ನೀನು ಇಷ್ಟು ವರ್ಷ ತಗ್ಗಿ ನಡೆದ್ಯಲ್ಲಮ್ಮ, ಏನ್ ಕೊಟ್ರು?"

ಅವಳು ಬೈಯುತ್ತಾಳೆ ಅಂದುಕೊಂಡೆ. ತಟ್ಟೆಗೆ ಇನ್ನೊಂದು ಮುದ್ದೆ ಇಟ್ಟಳು.

ಕೆಲವು ತಿಂಗಳು ಮತ್ತೆ ಲಗ್ನಪತ್ರಿಕೆ ಟೈಪ್ ಮಾಡಿದೆ. ಚಿಂತಾಮಣಿಯಲ್ಲಿ ಎರಡು ಕಡೆ ಕೇಳಿದೆ, ಸಿಗಲಿಲ್ಲ. ಕಡೆಗೆ ಗೌರಿಬಿದನೂರಿನ ಒಂದು ಕಾಲೇಜಿನಲ್ಲಿ ಹುಡುಗಿಯರಿಗೆ ಕಂಪ್ಯೂಟರ್ ಕಲಿಸುವವರು ಬೇಕೆಂದು ಗೊತ್ತಾಗಿ ಹೋದೆ. ಸಂದರ್ಶನದಲ್ಲಿ ಒಬ್ಬ ಹಿರಿಯ ಮೇಡಂ, ಹಿಂದಿನ ಕೆಲಸ ಯಾಕೆ ಬಿಟ್ಟಿರಿ ಎಂದು ಕೇಳಿದರು.

ಆರೋಗ್ಯದ ನೆಪ ಹೇಳು ಎಂದು ಗೆಳತಿಯೊಬ್ಬಳು ಹೇಳಿಕೊಟ್ಟಿದ್ದಳು.

"ನಾನು ಬಿಡ್ಲಿಲ್ಲ ಮೇಡಂ, ಅವ್ರು ತೆಗೆದ್ರು" ಎಂದು ಶುರುಮಾಡಿ ನಡೆದದ್ದನ್ನೆಲ್ಲ ಹೇಳಿದೆ. ಅವರು ಪೆನ್ನು ಕೆಳಗಿಟ್ಟು ಪೂರ್ತಿ ಕೇಳಿದರು. ಕೆಲಸ ಕೊಟ್ಟರು. ಕೊಡದಿದ್ದರೂ ಮುಂದಿನ ಕಡೆ ಅದೇ ಉತ್ತರ ಹೇಳುತ್ತಿದ್ದೆ.