ಈದ್ ರಜೆಯಲ್ಲಿ ನೋಡಿದ ಹಡಗುಗಳು

ಬೇರೆಯಾಗುವುದೆಂದು ನಾನೂ ನನ್ನ ಹೆಂಡತಿಯೂ ತೀರ್ಮಾನಿಸುವ ಹೊತ್ತಿಗೆ ಡೆನ್ಮಾರ್ಕಿನ ಟಿಕೆಟ್‌ಗಳು ಬುಕ್ ಆಗಿಹೋಗಿದ್ದವು. ಕೊಲ್ಲಿ ದೇಶದ ಅಲ್ ವುಕೈರ್‌ನ ನಮ್ಮ ಫ್ಲ್ಯಾಟಿನ ಅಡುಗೆಮನೆಯಲ್ಲಿ ನಿಂತುಕೊಂಡೇ ಮಾತು ಮುಗಿಸಿದ್ದೆವು. ಜಗಳವೇನೂ ಆಗಲಿಲ್ಲ. ಬೇಸಿಗೆ ರಜೆ ಶುರುವಾದ ಕೂಡಲೇ ಅವಳು ಮಗಳನ್ನು ಕರೆದುಕೊಂಡು ಮೈಸೂರಿಗೆ ಹೋಗುವುದು, ನಾನು ಇಲ್ಲೇ ಇರುವುದು.

"ಟಿಕೆಟ್ ಕ್ಯಾನ್ಸಲ್ ಮಾಡ್ಲಾ?" ಎಂದು ಕೇಳಿದೆ.

"ಬೇಡ. ಕ್ಲಾಸಲ್ಲಿ ಎಲ್ಲರ ಹತ್ರ ಹೇಳ್ಕೊಂಡು ಬಂದಿದಾಳೆ," ಎಂದಳು.

ಮಗಳಿಗಾಗ ಒಂಬತ್ತು ವರ್ಷ, ಡೆನ್ಮಾರ್ಕಿನ ಕಡೆಯ ಹಳೆಯ ಕಡಲ್ಗಳ್ಳರಾದ ವೈಕಿಂಗರ ಹಡಗುಗಳ ಹುಚ್ಚು. ಅವಳ ನೋಟ್‌ಬುಕ್ಕುಗಳ ಕೊನೆಯ ಪುಟಗಳಲ್ಲೆಲ್ಲ ಹಾವಿನ ತಲೆಯ ಹಡಗುಗಳೇ. ಹಾಗಾಗಿ ಈದ್ ರಜೆಯಲ್ಲಿ ಮೂವರೂ ಹೊರಟೆವು.

ಆ ಹಡಗುಗಳ ಮ್ಯೂಸಿಯಂ ನೀರಿನ ಅಂಚಿನಲ್ಲೇ ಇತ್ತು. ದೊಡ್ಡ ಹಾಲ್‌ನಲ್ಲಿ ಐದು ಹಡಗುಗಳು. ಸಮುದ್ರದ ತಳದಲ್ಲಿ ಸಿಕ್ಕ ಕಪ್ಪು ಹಲಗೆಗಳನ್ನು ಕಬ್ಬಿಣದ ಚೌಕಟ್ಟಿಗೆ ಹೊಂದಿಸಿ ನಿಲ್ಲಿಸಿದ್ದರು. ಹಲಗೆ ಸಿಗದ ಕಡೆ ಬರೀ ಕಬ್ಬಿಣ. ಸಾವಿರ ವರ್ಷದ ಹಿಂದೆ ಶತ್ರುಗಳ ದಾರಿ ಕಟ್ಟಲು ಊರಿನವರೇ ಇವುಗಳಿಗೆ ಕಲ್ಲು ತುಂಬಿ ಮುಳುಗಿಸಿದರೆಂದು ಗೈಡ್ ಹೇಳಿದಳು.

"ಅಪ್ಪ, ಅವರೇ ಸಿಂಕ್ ಮಾಡಿದ್ರಾ? ಓನ್ ಶಿಪ್ಸ್?"

"ಹೂಂ. ಹಳೇದಾಗಿತ್ತಂತೆ."

"ಹಾವಿನ ತಲೆ ಎಲ್ಲಿ?"

"ಸಿಕ್ಕಿಲ್ವಂತೆ."

ಅವಳ ಮುಖ ಸಣ್ಣಗಾಯಿತು. ನನ್ನ ಹೆಂಡತಿ ಗಾಜಿನ ಗೋಡೆಯ ಪಕ್ಕದ ಬೆಂಚಿನಲ್ಲಿ ಕೂತು ನೀರು ನೋಡುತ್ತಿದ್ದಳು. ನಾನು ಪ್ರತಿಯೊಂದು ಫಲಕವನ್ನೂ ಪೂರ್ತಿ ಓದಿದೆ. ಒಂದು ಸಾಲೂ ತಲೆಗೆ ಹೋಗಲಿಲ್ಲ.

ಹೊರಡುವಾಗ ವಯಸ್ಸಾದ ಪ್ರವಾಸಿಯೊಬ್ಬ ಫೋಟೊ ತೆಗೆದುಕೊಡುತ್ತೇನೆಂದು ತಾನಾಗಿ ನನ್ನ ಫೋನ್ ತೆಗೆದುಕೊಂಡ. ಹತ್ತಿರ ನಿಲ್ಲಿ ಎಂದು ಕೈಸನ್ನೆ ಮಾಡಿದ. ಹತ್ತಿರ ನಿಂತೆವು. ಹೆಂಡತಿಯ ಭುಜ ನನ್ನ ತೋಳಿಗೆ ತಾಗಿತು. ಮೆಟ್ರೊದಲ್ಲಿ ಪಕ್ಕದವರ ಭುಜ ತಾಗಿದ ಹಾಗೆ, ಅಷ್ಟೇ. ಮೂವರೂ ನಕ್ಕಿದ್ದೇವೆ, ಫೋಟೊ ಚೆನ್ನಾಗಿಯೇ ಬಂದಿದೆ.

ಜೂನ್ ಕೊನೆಯಲ್ಲಿ, ಇಲ್ಲಿನ ಬೇಸಿಗೆ ರಜೆ ಶುರುವಾದಾಗ, ಇಬ್ಬರನ್ನೂ ಏರ್‌ಪೋರ್ಟಿಗೆ ಬಿಟ್ಟೆ. "ಸಾರಿನ ಪುಡಿ ಫ್ರಿಜ್‌ನಲ್ಲಿಟ್ಟಿದೀನಿ. ಎಸಿ ಸರ್ವಿಸ್‌ನವನಿಗೆ ಫೋನ್ ಮಾಡಿ," ಎಂದಳು. ಮಗಳು ಕೈಬೀಸಿ ಒಳಗೆ ಹೋದಳು. ಅವಳಿಗೆ ಇನ್ನೂ ಹೇಳಿರಲಿಲ್ಲ. ಅಜ್ಜಿಯ ಮನೆಗೆ ರಜೆಗೆ ಹೋಗುತ್ತಿದ್ದೇನೆಂದೇ ತಿಳಿದಿದ್ದಳು.

ಬೇಸಿಗೆಯಲ್ಲಿ ಇಲ್ಲಿ ಎಲ್ಲರ ಸಂಸಾರವೂ ಊರಿಗೆ ಹೋಗುತ್ತದೆ. ಹಾಗಾಗಿ ಲುಸೈಲ್‌ನ ನನ್ನ ಆಫೀಸಿನಲ್ಲಿ ಯಾರೂ ಏನೂ ಕೇಳಲಿಲ್ಲ. ಮಧ್ಯಾಹ್ನ ಕ್ಯಾಂಟೀನಿನಲ್ಲಿ ಹೆಂಡತಿ ಮಕ್ಕಳನ್ನು ಊರಿಗೆ ಕಳಿಸಿದ ಗಂಡಸರ ಜೊತೆ ಕೂತು ಊಟ ಮಾಡುತ್ತಿದ್ದೆ. ಅವರಂತೆಯೇ ನಾನೂ ಬಿಸಿಲಿನ ಬಗ್ಗೆ ಮಾತಾಡುತ್ತಿದ್ದೆ.

ಸೆಪ್ಟೆಂಬರಿನಲ್ಲಿ ರಜೆ ಮುಗಿದ ಮೇಲೆ ಶಾಲಾ ಬಸ್ಸಿನ ಆಯಾ ಫೋನ್ ಮಾಡಿದಳು. ಮಲಯಾಳಂ ಬೆರೆತ ಹಿಂದಿಯಲ್ಲಿ, ಮೂರು ದಿನದಿಂದ ಮಗು ಕೆಳಗೆ ಬಂದಿಲ್ಲ, ಜ್ವರವೇ ಎಂದು ವಿಚಾರಿಸಿದಳು.

"ಇಲ್ಲ, ಅವಳಿನ್ನು ಬರಲ್ಲ," ಎಂದೆ.

ಆ ಮಾತನ್ನು ನಾನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಒಳ್ಳೆಯ ಮಗುವಾಗಿತ್ತು ಸಾರ್ ಎಂದಳು ಆಯಾ. ನಾನು ಹೌದೆಂದೆ.